ಐದು ವರ್ಷದಲ್ಲಿ ಎರಡು ಪದವಿ: ಪೋಷಣೆ ಮತ್ತು ವ್ಯಾಯಾಮ ವಿಜ್ಞಾನವನ್ನು ಒಟ್ಟಿಗೆ ಓದಬಹುದೇ?

ಪ್ರಶ್ನೆ: ನಾವು ಮೈಸೂರಿನವರು, ಬಹಳ ವರ್ಷಗಳಿಂದ ನ್ಯೂಯಾರ್ಕಿನಲ್ಲಿ ನೆಲೆಸಿದ್ದೇವೆ. ಮಗಳು ಹನ್ನೆರಡನೆಯ ತರಗತಿಯಲ್ಲಿದ್ದಾಳೆ, ಶಾಲೆಯ ದೂರದ ಓಟದ ತಂಡದಲ್ಲಿ ಓಡುತ್ತಾಳೆ. ಕಳೆದ ವರ್ಷ ಅವಳ ಮೊಣಕಾಲಿನ ಕೆಳಗಿನ ಮೂಳೆಯಲ್ಲಿ ಸಣ್ಣ ಬಿರುಕು ಕಾಣಿಸಿಕೊಂಡಾಗ ವೈದ್ಯರು ಒಬ್ಬ ಡಯಟೀಷಿಯನ್ ಬಳಿಗೂ ಕಳಿಸಿದ್ದರು. ಅಂದಿನಿಂದ ಪೋಷಣೆ ಮತ್ತು ವ್ಯಾಯಾಮ ವಿಜ್ಞಾನವನ್ನೇ ಓದಬೇಕೆಂದು ಹಟ ಹಿಡಿದಿದ್ದಾಳೆ. ಐದು ವರ್ಷದಲ್ಲಿ ಬಿ.ಎಸ್. ಮತ್ತು ಎಂ.ಎಸ್. ಎರಡನ್ನೂ ಕೊಡುವ ಸಂಯುಕ್ತ ಕೋರ್ಸುಗಳಿವೆಯಂತೆ. ಅದನ್ನು ಮುಗಿಸಿದರೆ ಅವಳು ಡಯಟೀಷಿಯನ್ ಆಗುತ್ತಾಳೆಯೇ? ಹದಿನೇಳನೆಯ ವಯಸ್ಸಿನಲ್ಲಿ ಐದು ವರ್ಷಕ್ಕೆ ಕಟ್ಟುಬೀಳುವುದು ಸರಿಯೇ? ನಮ್ಮದು ಸಸ್ಯಾಹಾರಿ ಮನೆ, ಈ ಓದಿಗೆ ಅದರಿಂದ ಅಡ್ಡಿಯಾದೀತೇ? ಮುಂದೆ ಬೆಂಗಳೂರಿಗೆ ಮರಳಿದರೆ ಈ ಪದವಿಗೆ ಬೆಲೆ ಇದೆಯೇ?

ಉತ್ತರ: ನಮಸ್ಕಾರ. ನಿಮ್ಮ ಮೊದಲ ಪ್ರಶ್ನೆಗೆ ನೇರವಾಗಿಯೇ ಉತ್ತರಿಸುತ್ತೇನೆ. ಎರಡು ಪದವಿಗಳು ಕೈಗೆ ಬಂದ ಮಾತ್ರಕ್ಕೆ ನಿಮ್ಮ ಮಗಳು ಡಯಟೀಷಿಯನ್ ಆಗುವುದಿಲ್ಲ. ಆ ವೃತ್ತಿಯ ಬಾಗಿಲವರೆಗೆ ಕರೆದೊಯ್ಯುವ ಸಂಯುಕ್ತ ಕೋರ್ಸುಗಳೂ ಇವೆ, ಹೆಚ್ಚುಕಡಿಮೆ ಅದೇ ಹೆಸರನ್ನು ಹೊತ್ತು ಅಲ್ಲಿಗೆ ತಲುಪಿಸದ ಕೋರ್ಸುಗಳೂ ಇವೆ. ಇವೆರಡರ ವ್ಯತ್ಯಾಸ ಹೆಸರಿನಲ್ಲಿ ಕಾಣುವುದಿಲ್ಲ, ಒಳಗಿನ ವಿವರಗಳನ್ನು ಓದಿದಾಗಲೇ ತಿಳಿಯುತ್ತದೆ. ಆದರೆ ಪೋಷಣೆಯನ್ನೂ ವ್ಯಾಯಾಮ ವಿಜ್ಞಾನವನ್ನೂ ಜೊತೆಯಾಗಿ ಕಲಿಯಬೇಕೆಂಬ ಅವಳ ಆಸೆ ಮಾತ್ರ ಬಹಳ ಸರಿಯಾದದ್ದು, ಅದಕ್ಕೆ ಕಾರಣಗಳನ್ನೂ ಮುಂದೆ ಹೇಳುತ್ತೇನೆ.

ಇಂಥ ಕೋರ್ಸುಗಳು ಇತ್ತೀಚೆಗೆ ಇಷ್ಟೊಂದು ಹೆಚ್ಚಿರುವುದಕ್ಕೆ ಮುಖ್ಯ ಕಾರಣ ಒಂದು ನಿಯಮದ ಬದಲಾವಣೆ. ಅಮೆರಿಕದಲ್ಲಿ ಡಯಟೀಷಿಯನ್‌ಗಳ ನೋಂದಣಿ ಪರೀಕ್ಷೆಯನ್ನು ನಡೆಸುವುದು ಕಮಿಷನ್ ಆನ್ ಡಯಟೆಟಿಕ್ ರಿಜಿಸ್ಟ್ರೇಷನ್ ಎಂಬ ಸಂಸ್ಥೆ. 2023ರ ಕೊನೆಯವರೆಗೆ ಸ್ನಾತಕ ಪದವಿ ಪಡೆದು, ಇಂಟರ್ನ್‌ಶಿಪ್ ಮುಗಿಸಿದವರು ಆ ಪರೀಕ್ಷೆಗೆ ಕುಳಿತುಕೊಳ್ಳಬಹುದಾಗಿತ್ತು. 2024ರ ಜನವರಿ 1ರಿಂದ ಸ್ನಾತಕೋತ್ತರ ಪದವಿ ಕಡ್ಡಾಯವಾಯಿತು. ನಾಲ್ಕು ವರ್ಷದ ಓದಿನ ಮೇಲೆ ಮತ್ತೆರಡು ವರ್ಷ ಎಂದರೆ ವಿದ್ಯಾರ್ಥಿಗಳು ಹಿಂಜರಿಯುತ್ತಾರೆಂದು ತಿಳಿದ ವಿಶ್ವವಿದ್ಯಾಲಯಗಳು ಎರಡನ್ನೂ ಹೊಂದಿಸಿ ಒಂದು ವರ್ಷವನ್ನು ಉಳಿಸುವ ದಾರಿ ಹುಡುಕಿದವು. ಇದರ ಲೆಕ್ಕ ಸರಳ. ಬಿ.ಎಸ್. ಪದವಿಗೆ ಸಾಮಾನ್ಯವಾಗಿ 120 ಕ್ರೆಡಿಟ್, ಎಂ.ಎಸ್. ಪದವಿಗೆ 30ರಿಂದ 36 ಕ್ರೆಡಿಟ್ ಬೇಕು. ಸಂಯುಕ್ತ ಕೋರ್ಸಿನಲ್ಲಿ ನಾಲ್ಕನೆಯ ವರ್ಷ ಓದುವ ಕೆಲವು ಸ್ನಾತಕೋತ್ತರ ವಿಷಯಗಳನ್ನು, ಬಹುಪಾಲು 9ರಿಂದ 12 ಕ್ರೆಡಿಟ್‌ಗಳಷ್ಟನ್ನು, ಎರಡೂ ಪದವಿಗಳಿಗೆ ಲೆಕ್ಕ ಹಿಡಿಯುತ್ತಾರೆ. ಹಾಗೆ ಹಂಚಿಕೆಯಾದ ಕ್ರೆಡಿಟ್‌ಗಳಿಗೆ ಅನೇಕ ಕಡೆ ಸ್ನಾತಕ ದರದಲ್ಲಿಯೇ ಶುಲ್ಕ ಕಟ್ಟಿದರೆ ಸಾಕು. ಹಣದ ಉಳಿತಾಯವೆಲ್ಲ ಇರುವುದು ಇಲ್ಲಿಯೇ.

ಇನ್ನು ವೃತ್ತಿಯ ಅರ್ಹತೆಯ ವಿಷಯ. ನೋಂದಾಯಿತ ಡಯಟೀಷಿಯನ್ ಆಗಲು ಪದವಿಯ ಜೊತೆಗೆ ಬೇರೆ ಸಂಗತಿಗಳೂ ಬೇಕು. ಓದಿದ ಡಯಟೆಟಿಕ್ಸ್ ಪಠ್ಯಕ್ರಮಕ್ಕೆ ಎಸೆಂಡ್ ಎಂದು ಕರೆಯುವ ಮಾನ್ಯತಾ ಮಂಡಳಿಯ ಮಾನ್ಯತೆ ಇರಬೇಕು. ಕನಿಷ್ಠ 1,000 ಗಂಟೆಗಳ ಪ್ರಾಯೋಗಿಕ ತರಬೇತಿಯನ್ನು ಅರ್ಹರ ಮೇಲ್ವಿಚಾರಣೆಯಲ್ಲಿ ಮಾಡಿರಬೇಕು. ಆಸ್ಪತ್ರೆಯ ವಾರ್ಡುಗಳು, ಸಾಮೂಹಿಕ ಅಡುಗೆ ನಿರ್ವಹಣೆ, ಸಮುದಾಯ ಆರೋಗ್ಯ, ಈ ಮೂರೂ ಕಡೆಯ ಅನುಭವ ಅದರಲ್ಲಿ ಸೇರಿರುತ್ತದೆ. ಇವೆಲ್ಲ ಪೂರ್ಣಗೊಂಡಿವೆ ಎಂಬ ದೃಢೀಕರಣ ಪತ್ರ ಕೈಗೆ ಬಂದ ಮೇಲೆಯೇ ಪರೀಕ್ಷೆಗೆ ಅವಕಾಶ. ಕೆಲವು ಸಂಯುಕ್ತ ಕೋರ್ಸುಗಳಲ್ಲಿ ಈ ಸಾವಿರ ಗಂಟೆಗಳು ಕೋರ್ಸಿನೊಳಗೇ ಹೆಣೆದುಕೊಂಡಿರುತ್ತವೆ, ಐದನೆಯ ವರ್ಷದ ಕೊನೆಗೆ ವಿದ್ಯಾರ್ಥಿ ನೇರವಾಗಿ ಪರೀಕ್ಷೆಗೆ ಹೋಗುತ್ತಾಳೆ. ಇನ್ನು ಕೆಲವು ಕೋರ್ಸುಗಳಲ್ಲಿ ತರಗತಿಯ ಪಾಠಕ್ಕೆ ಮಾತ್ರ ಮಾನ್ಯತೆ ಇರುತ್ತದೆ. ಅಲ್ಲಿ ಓದಿದವರು ಪದವಿ ಮುಗಿದ ಮೇಲೆ ಇಂಟರ್ನ್‌ಶಿಪ್‌ಗೆ ಬೇರೆಯಾಗಿ ಅರ್ಜಿ ಹಾಕಬೇಕು, ಸ್ಪರ್ಧೆ ಎದುರಿಸಬೇಕು, ಎಷ್ಟೋ ಸಲ ಅದಕ್ಕೆ ಶುಲ್ಕವನ್ನೂ ಕಟ್ಟಬೇಕು. ಐದು ವರ್ಷವೆಂದುಕೊಂಡದ್ದು ಆರಾಗುತ್ತದೆ. ಮೂರನೆಯ ಬಗೆಯ ಕೋರ್ಸುಗಳಲ್ಲಿ ಡಯಟೆಟಿಕ್ಸ್ ಮಾನ್ಯತೆಯೇ ಇರುವುದಿಲ್ಲ. ಅವು ಕೀಳು ಕೋರ್ಸುಗಳೇನಲ್ಲ, ಸಂಶೋಧನೆಗೋ ಕ್ರೀಡಾ ತರಬೇತಿಗೋ ಹೋಗುವವರಿಗೆ ಒಳ್ಳೆಯ ಆಯ್ಕೆ. ಡಯಟೀಷಿಯನ್ ಆಗುವ ಹುಡುಗಿಗೆ ಮಾತ್ರ ಅವು ಸಾಲುವುದಿಲ್ಲ.

ನಿಮ್ಮ ಊರಿನಲ್ಲಿಯೇ ಇರುವ ನ್ಯೂಯಾರ್ಕ್ ನಗರ ವಿಶ್ವವಿದ್ಯಾಲಯದ ಕ್ವೀನ್ಸ್ ಕಾಲೇಜನ್ನು ನೋಡಿ. ಅಲ್ಲಿ ಪೋಷಣೆ ಮತ್ತು ವ್ಯಾಯಾಮ ವಿಜ್ಞಾನ ಎರಡೂ ಒಂದೇ ವಿಭಾಗದಲ್ಲಿವೆ. ಒಂದೇ ಸೂರಿನಡಿ ಎರಡೂ ವಿದ್ಯೆಗಳ ಪ್ರಾಧ್ಯಾಪಕರು ಸಿಗುವುದು ದೊಡ್ಡ ಅನುಕೂಲ. ಆದರೆ ಎಲ್ಲಿಯೇ ಆಗಲಿ, ಒಂದು ವಿಭಾಗದೊಳಗೆ ಹಲವು ಕೋರ್ಸುಗಳಿದ್ದಾಗ ಡಯಟೆಟಿಕ್ಸ್ ಕೋರ್ಸಿಗಿರುವ ಮಾನ್ಯತೆ ಪಕ್ಕದ ಸಂಯುಕ್ತ ಕೋರ್ಸಿಗೂ ಇದೆಯೆಂದು ಭಾವಿಸಬಾರದು, ಒಂದೊಂದನ್ನೂ ಬೇರೆಯಾಗಿಯೇ ವಿಚಾರಿಸಬೇಕು. ಇದೇ ಸಂದರ್ಭದಲ್ಲಿ ಬಹಳ ಮಂದಿಯ ಗಮನಕ್ಕೆ ಬಾರದ ಒಂದು ಅನುಕೂಲವನ್ನೂ ಹೇಳಬೇಕು. ನೋಂದಣಿಗೆ ಬೇಕಾದ ಸ್ನಾತಕೋತ್ತರ ಪದವಿ ಪೋಷಣೆಯಲ್ಲಿಯೇ ಇರಬೇಕೆಂಬ ನಿಯಮವಿಲ್ಲ, ಯಾವ ವಿಷಯದ್ದಾದರೂ ಆದೀತು. ಮಾನ್ಯತೆ ಪಡೆದ ಡಯಟೆಟಿಕ್ಸ್ ಪಠ್ಯಕ್ರಮವನ್ನು ಬಿ.ಎಸ್.ನಲ್ಲಿ ಮುಗಿಸಿ, ವ್ಯಾಯಾಮ ಶರೀರಕ್ರಿಯಾ ವಿಜ್ಞಾನದಲ್ಲಿ ಎಂ.ಎಸ್. ಮಾಡಿ, ಇಂಟರ್ನ್‌ಶಿಪ್ ಪೂರೈಸಿದವಳು ಪರೀಕ್ಷೆಗೆ ಪೂರ್ಣ ಅರ್ಹಳು. ಕ್ರೀಡಾಪಟುಗಳೊಡನೆ ಕೆಲಸ ಮಾಡಬೇಕೆಂಬ ನಿಮ್ಮ ಮಗಳಿಗೆ ಎಲ್ಲಕ್ಕಿಂತ ಹೆಚ್ಚು ಒಪ್ಪುವ ದಾರಿ ಇದೇ ಎಂದು ನನ್ನ ಅಭಿಪ್ರಾಯ.

ನೋಂದಣಿಗೆ ಇಷ್ಟೇಕೆ ಒತ್ತು ಕೊಡುತ್ತಿದ್ದೇನೆಂದು ನೀವು ಕೇಳಬಹುದು. ನ್ಯೂಯಾರ್ಕ್ ರಾಜ್ಯದಲ್ಲಿ ಆಹಾರದ ಬಗ್ಗೆ ಸಲಹೆ ಕೊಡುವುದಕ್ಕೆ ಯಾರಿಗೂ ತಡೆಯಿಲ್ಲ, ಪ್ರಮಾಣಿತ ಡಯಟೀಷಿಯನ್ ಅಥವಾ ಪ್ರಮಾಣಿತ ನ್ಯೂಟ್ರಿಷನಿಸ್ಟ್ ಎಂಬ ಬಿರುದುಗಳಿಗೆ ಮಾತ್ರ ಕಾನೂನಿನ ರಕ್ಷಣೆಯಿದೆ. ಆದರೆ ಆಸ್ಪತ್ರೆಗಳು ಕೆಲಸಕ್ಕೆ ತೆಗೆದುಕೊಳ್ಳುವಾಗ ಕೇಳುವುದು ನೋಂದಣಿಯನ್ನು. ಮಧುಮೇಹ ಮತ್ತು ಮೂತ್ರಪಿಂಡದ ಕಾಯಿಲೆ ಇರುವವರ ಪಥ್ಯ ಚಿಕಿತ್ಸೆಗೆ ಮುಖ್ಯವಾಗಿ ಹಿರಿಯರಿಗಾಗಿ ಇರುವ ಮೆಡಿಕೇರ್ ಎಂಬ ಸರ್ಕಾರಿ ವಿಮೆ ಹಣ ಕೊಡುವುದೂ ಅರ್ಹ ವೃತ್ತಿಪರರು ಅದನ್ನು ನಡೆಸಿದಾಗ ಮಾತ್ರ. ಕಾಲೇಜು ಕ್ರೀಡಾ ತಂಡಗಳಲ್ಲಿಯೂ ಇದೇ ಪರಿಸ್ಥಿತಿ. ಮೊದಲ ದರ್ಜೆಯ ಕಾಲೇಜು ತಂಡಗಳು ಕ್ರೀಡಾಪಟುಗಳಿಗೆ ಮಿತಿಯಿಲ್ಲದೆ ಊಟ, ತಿಂಡಿ ಕೊಡಬಹುದೆಂದು 2014ರಲ್ಲಿ ಕಾಲೇಜು ಕ್ರೀಡೆಗಳನ್ನು ನಿಯಂತ್ರಿಸುವ ಎನ್‌ಸಿಎಎ ಸಂಸ್ಥೆ ನಿಯಮ ಸಡಿಲಿಸಿದ ಮೇಲೆ ಅಲ್ಲಿ ಕ್ರೀಡಾ ಡಯಟೀಷಿಯನ್‌ಗಳ ಅಗತ್ಯ ಎದ್ದು ಕಂಡಿತು. ಆ ಕೆಲಸಗಳಿಗೆ ನೋಂದಣಿಯೇ ಮೊದಲ ಮೆಟ್ಟಿಲು, ಕ್ರೀಡಾ ಡಯಟೆಟಿಕ್ಸ್‌ನ ವಿಶೇಷ ಪ್ರಮಾಣಪತ್ರ ಅನುಭವದ ನಂತರ ಬರುವಂಥದ್ದು.

ವ್ಯಾಯಾಮದ ಕಡೆಯ ವ್ಯವಸ್ಥೆ ಇಷ್ಟು ಬಿಗಿಯಾಗಿಲ್ಲ. 1954ರಲ್ಲಿ ಆರಂಭವಾದ ಅಮೆರಿಕನ್ ಕಾಲೇಜ್ ಆಫ್ ಸ್ಪೋರ್ಟ್ಸ್ ಮೆಡಿಸಿನ್ ವ್ಯಾಯಾಮ ಶರೀರಕ್ರಿಯಾ ತಜ್ಞರಿಗೆ ಪ್ರಮಾಣಪತ್ರ ಕೊಡುತ್ತದೆ. ಹೃದಯ ಚಿಕಿತ್ಸೆಯ ನಂತರದ ಪುನಶ್ಚೇತನ ಕೇಂದ್ರಗಳಲ್ಲಿ ರೋಗಿಗಳಿಗೆ ವ್ಯಾಯಾಮ ಮಾಡಿಸುವವರು ಬಹುಪಾಲು ಇಂಥ ತರಬೇತಿ ಪಡೆದವರು. 1978ರಲ್ಲಿ ಸ್ಥಾಪನೆಯಾದ ನ್ಯಾಷನಲ್ ಸ್ಟ್ರೆಂತ್ ಅಂಡ್ ಕಂಡೀಷನಿಂಗ್ ಅಸೋಸಿಯೇಷನ್ ತಂಡಗಳ ದೇಹಬಲ ತರಬೇತುದಾರರಿಗೆ ಪ್ರಮಾಣಪತ್ರ ಕೊಡುತ್ತದೆ. ವ್ಯಾಯಾಮ ಶರೀರಕ್ರಿಯಾ ತಜ್ಞರಿಗೆ ಸರ್ಕಾರಿ ಪರವಾನಗಿ ಬೇಕೆನ್ನುವ ರಾಜ್ಯ ಲೂಯಿಸಿಯಾನಾ ಒಂದೇ. ಸಂಬಳದಲ್ಲಿಯೂ ಅಂತರವಿದೆ. ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆಯ 2023ರ ಲೆಕ್ಕದಲ್ಲಿ ಡಯಟೀಷಿಯನ್‌ಗಳ ಮಧ್ಯಮ ವಾರ್ಷಿಕ ಸಂಬಳ ಸುಮಾರು 70,000 ಡಾಲರ್, ವ್ಯಾಯಾಮ ಶರೀರಕ್ರಿಯಾ ತಜ್ಞರದು ಸುಮಾರು 55,000 ಡಾಲರ್. ಎರಡು ಪದವಿ ಇದ್ದವರಿಗೆ ಎರಡು ಸಂಬಳ ಬರುವುದಿಲ್ಲ. ಇಂಜಿನಿಯರಿಂಗ್ ಓದಿದ ಬಂಧುಗಳ ಮಕ್ಕಳ ಜೊತೆ ಹೋಲಿಸುವ ಮಾತು ಮನೆಯಲ್ಲಿ ಬಂದೇ ಬರುತ್ತದೆ, ಆದ್ದರಿಂದ ಈ ಅಂಕಿಗಳನ್ನು ಈಗಲೇ ಮುಂದಿಟ್ಟಿದ್ದೇನೆ.

ಹಾಗಿದ್ದರೂ ಎರಡನ್ನೂ ಓದಬೇಕೆಂದು ಹೇಳುವುದೇಕೆ? ಈ ಎರಡು ವಿದ್ಯೆಗಳು ಹುಟ್ಟಿನಿಂದಲೇ ಬೇರೆಯಲ್ಲ. 1890ರ ದಶಕದಲ್ಲಿ ಕನೆಕ್ಟಿಕಟ್ ರಾಜ್ಯದ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ವಿಲ್ಬರ್ ಆಟ್‌ವಾಟರ್ ಎಂಬ ರಸಾಯನ ವಿಜ್ಞಾನಿ, ಎಡ್ವರ್ಡ್ ರೋಸಾ ಎಂಬ ಭೌತವಿಜ್ಞಾನಿಯ ಜೊತೆಗೂಡಿ, ಮನುಷ್ಯನೊಬ್ಬ ದಿನಗಟ್ಟಲೆ ಒಳಗೇ ಇರಬಹುದಾದ ಒಂದು ಕೊಠಡಿಯನ್ನು ಕಟ್ಟಿದರು. ಒಳಗೆ ಹೋಗುವ ಪ್ರತಿ ತುತ್ತನ್ನೂ ತೂಗುತ್ತಿದ್ದರು. ಹೊರಬರುವ ಶಾಖವನ್ನೂ ಉಸಿರಿನ ಅನಿಲವನ್ನೂ ಅಳೆಯುತ್ತಿದ್ದರು. ಕೆಲವು ಪ್ರಯೋಗಗಳಲ್ಲಿ ಒಳಗಿದ್ದವನು ಸುಮ್ಮನೆ ಕುಳಿತಿರುತ್ತಿದ್ದ, ಕೆಲವದರಲ್ಲಿ ನಿಂತಲ್ಲೇ ನಿಂತ ಸೈಕಲ್ಲನ್ನು ತುಳಿಯುತ್ತಿದ್ದ. ಇಂದು ಪ್ರತಿಯೊಂದು ಆಹಾರದ ಪೊಟ್ಟಣದ ಮೇಲಿನ ಕ್ಯಾಲೊರಿ ಲೆಕ್ಕಕ್ಕೆ ಆಧಾರವಾಗಿರುವ ಅಂಕಿಗಳು, ಅಂದರೆ ಗ್ರಾಂ ಪ್ರೋಟೀನಿಗೆ 4, ಕೊಬ್ಬಿಗೆ 9, ಕಾರ್ಬೋಹೈಡ್ರೇಟಿಗೆ 4 ಕಿಲೋಕ್ಯಾಲೊರಿ ಎಂಬುವು, ಆ ಪರಂಪರೆಯಿಂದ ಬಂದವು. ಉಣ್ಣುವುದನ್ನೂ ದುಡಿಯುವುದನ್ನೂ ಒಂದೇ ಕೊಠಡಿಯಲ್ಲಿಟ್ಟು ಅಳೆದದ್ದರಿಂದಲೇ ಶಕ್ತಿಯ ಲೆಕ್ಕ ಮನುಷ್ಯ ದೇಹದಲ್ಲಿಯೂ ಸರಿಹೊಂದುತ್ತದೆಂದು ತೋರಿಸುವುದು ಸಾಧ್ಯವಾಯಿತು. ವಿಶ್ವವಿದ್ಯಾಲಯಗಳು ಇವೆರಡನ್ನು ಬೇರೆ ಬೇರೆ ವಿಭಾಗಗಳಲ್ಲಿಟ್ಟದ್ದು ಆಮೇಲಿನ ಆಡಳಿತದ ಏರ್ಪಾಟು.

ಇನ್ನೊಂದು ಪ್ರಯೋಗವನ್ನು ನಾನು ಪಾಠ ಹೇಳುವಾಗ ಎಂದೂ ಬಿಡುವುದಿಲ್ಲ. 1966ರಲ್ಲಿ ಸ್ವೀಡನ್ನಿನ ಯೋನಾಸ್ ಬರ್ಗ್‌ಸ್ಟ್ರೋಮ್ ಮತ್ತು ಎರಿಕ್ ಹುಲ್ಟ್‌ಮನ್ ತಮ್ಮ ದೇಹಗಳನ್ನೇ ಪ್ರಯೋಗಕ್ಕೆ ಒಡ್ಡಿಕೊಂಡರು. ಸೈಕಲ್ಲಿನ ಎರಡು ಬದಿಗೆ ಒಬ್ಬೊಬ್ಬರಾಗಿ ಕುಳಿತು, ಒಂದೊಂದೇ ಕಾಲಿನಲ್ಲಿ ಸುಸ್ತಾಗುವವರೆಗೆ ತುಳಿದರು, ಇನ್ನೊಂದು ಕಾಲಿಗೆ ವಿಶ್ರಾಂತಿ ಕೊಟ್ಟರು. ಆಮೇಲೆ ಮೂರು ದಿನ ಕಾರ್ಬೋಹೈಡ್ರೇಟ್ ಹೇರಳವಾಗಿರುವ ಊಟ ಮಾಡುತ್ತ, ಸೂಜಿಯಿಂದ ಎರಡೂ ತೊಡೆಗಳ ಸ್ನಾಯುವಿನ ಚೂರು ತೆಗೆದು ಗ್ಲೈಕೋಜನ್, ಅಂದರೆ ಸ್ನಾಯು ಕೂಡಿಟ್ಟುಕೊಳ್ಳುವ ಕಾರ್ಬೋಹೈಡ್ರೇಟ್, ಎಷ್ಟಿದೆಯೆಂದು ಅಳೆದರು. ದುಡಿದ ಕಾಲಿನಲ್ಲಿ ಗ್ಲೈಕೋಜನ್ ವಿಶ್ರಾಂತಿಯಲ್ಲಿದ್ದ ಕಾಲಿಗಿಂತ ಸುಮಾರು ಎರಡು ಪಟ್ಟಿಗೆ ಏರಿತ್ತು. ಊಟ ಒಂದೇ, ರಕ್ತ ಒಂದೇ, ಹಾರ್ಮೋನುಗಳೂ ಒಂದೇ. ವ್ಯತ್ಯಾಸವಿದ್ದದ್ದು ಆ ಕಾಲು ದುಡಿದಿತ್ತೋ ಇಲ್ಲವೋ ಎಂಬುದರಲ್ಲಿ ಮಾತ್ರ. ಆಹಾರವನ್ನಷ್ಟೇ ಓದಿದವರಾಗಲಿ ವ್ಯಾಯಾಮವನ್ನಷ್ಟೇ ಓದಿದವರಾಗಲಿ ಈ ಪ್ರಶ್ನೆಯನ್ನು ಕೇಳುತ್ತಿರಲಿಲ್ಲ. ಓಟದ ಸ್ಪರ್ಧೆಗೆ ಮುಂಚಿನ ದಿನಗಳ ಊಟವನ್ನು ಕುರಿತು ಇಂದು ನಾವು ಕೊಡುವ ಸಲಹೆಗಳ ಹಿಂದೆ ಈ ಪ್ರಯೋಗವಿದೆ.

ಒಳ್ಳೆಯ ಸಂಯುಕ್ತ ಕೋರ್ಸಿನಲ್ಲಿ ಇಂಥ ಸೇತುವೆಗಳನ್ನು ಪ್ರಯೋಗಾಲಯದಲ್ಲಿ ಕೈಯಾರೆ ಕಟ್ಟಿಸುತ್ತಾರೆ. ವಿದ್ಯಾರ್ಥಿಯೊಬ್ಬಳು ಟ್ರೆಡ್‌ಮಿಲ್ ಮೇಲೆ ಓಡುತ್ತಿರುವಾಗ ಅವಳ ದೇಹ ಬಳಸಿದ ಆಮ್ಲಜನಕವನ್ನೂ ಹೊರಬಿಟ್ಟ ಇಂಗಾಲದ ಡೈಆಕ್ಸೈಡನ್ನೂ ಯಂತ್ರ ಅಳೆಯುತ್ತದೆ. ಇಂಗಾಲದ ಡೈಆಕ್ಸೈಡನ್ನು ಆಮ್ಲಜನಕದಿಂದ ಭಾಗಿಸಿದಾಗ ಬರುವ ಅನುಪಾತ 0.7ರ ಹತ್ತಿರವಿದ್ದರೆ ದೇಹ ಬಹುಪಾಲು ಕೊಬ್ಬನ್ನು ಸುಡುತ್ತಿದೆ, 1.0 ಇದ್ದರೆ ಕಾರ್ಬೋಹೈಡ್ರೇಟನ್ನು. ನಿಮಿಷಕ್ಕೆ 2 ಲೀಟರ್ ಆಮ್ಲಜನಕ ಬಳಸುತ್ತ, 0.85 ಅನುಪಾತದಲ್ಲಿ ಓಡುವವಳು ನಿಮಿಷಕ್ಕೆ ಸುಮಾರು 9.7 ಕಿಲೋಕ್ಯಾಲೊರಿ ವ್ಯಯಿಸುತ್ತಾಳೆ, ಅದರಲ್ಲಿ ಸರಿಸುಮಾರು ಅರ್ಧ ಕಾರ್ಬೋಹೈಡ್ರೇಟಿನಿಂದ ಬರುತ್ತದೆ. ಒಂದು ಗಂಟೆಗೆ ಅದು 70 ಗ್ರಾಂನಷ್ಟಾಗುತ್ತದೆ. ವ್ಯಾಯಾಮ ವಿಜ್ಞಾನದ ತರಗತಿ ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತದೆ. ಆ 70 ಗ್ರಾಂ ಎಂದರೆ 90 ಗ್ರಾಂ ಬೇಯಿಸದ ಅಕ್ಕಿಯಲ್ಲಿರುವಷ್ಟು, ಅದನ್ನು ಬೆಳಗ್ಗೆ ಆರಕ್ಕೆ ಓಡುವ ಹುಡುಗಿ ಹಿಂದಿನ ರಾತ್ರಿ ಎಷ್ಟು, ಬೆಳಗ್ಗೆ ಎಷ್ಟು, ಓಟದ ನಂತರ ಎಷ್ಟು ತಿಂದರೆ ಹೊಟ್ಟೆ ಕೆಡದೆ ನಡೆದೀತು ಎಂದು ಮುಂದಕ್ಕೆ ಒಯ್ಯುವುದು ಪೋಷಣೆಯ ತರಗತಿ. ಎರಡೂ ತರಗತಿಗಳಲ್ಲಿ ಕುಳಿತವಳಿಗೆ ಈ ಲೆಕ್ಕ ಮೊದಲಿನಿಂದ ಕೊನೆಯವರೆಗೆ ಕಾಣುತ್ತದೆ.

ನಿಮ್ಮ ಮಗಳ ಮೂಳೆಯ ಬಿರುಕಿನ ವಿಷಯವೂ ಈ ಗಡಿಯಲ್ಲಿಯೇ ಇರುವುದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಅವಳಿಗೆ ಆದದ್ದಕ್ಕೆ ಇದೇ ಕಾರಣವೆಂದು ಪತ್ರ ಓದಿ ನಾನು ಹೇಳಲಾರೆ, ಹೇಳಬಾರದು ಕೂಡ. ಆದರೆ ಓಡುವ ಹುಡುಗಿಯರಲ್ಲಿ ಇಂಥ ಬಿರುಕು ಕಂಡಾಗ ತಜ್ಞರು ಮೊದಲು ವಿಚಾರಿಸುವುದು ಶಕ್ತಿಯ ಲಭ್ಯತೆಯನ್ನು. ತಿಂದ ಒಟ್ಟು ಶಕ್ತಿಯಲ್ಲಿ ವ್ಯಾಯಾಮಕ್ಕೆ ಖರ್ಚಾದದ್ದನ್ನು ಕಳೆದು, ಉಳಿದದ್ದನ್ನು ಕೊಬ್ಬು ಬಿಟ್ಟು ಉಳಿದ ದೇಹತೂಕದಿಂದ ಭಾಗಿಸಿದರೆ ಬರುವ ಅಂಕಿ ಅದು. 50 ಕೆ.ಜಿ. ತೂಕದ, 20 ಶೇಕಡ ಕೊಬ್ಬಿರುವ ಓಟಗಾರ್ತಿಗೆ ಕೊಬ್ಬುರಹಿತ ತೂಕ 40 ಕೆ.ಜಿ. ಅವಳು ದಿನಕ್ಕೆ 1,800 ಕಿಲೋಕ್ಯಾಲೊರಿ ತಿಂದು 650 ಓಟಕ್ಕೆ ಖರ್ಚು ಮಾಡಿದರೆ, ಹೃದಯ, ಮಿದುಳು, ಅಂಡಾಶಯ, ಮೂಳೆ ಎಲ್ಲಕ್ಕೂ ಉಳಿಯುವುದು ಆ ತೂಕದ ಕೆ.ಜಿ.ಗೆ 29 ಕಿಲೋಕ್ಯಾಲೊರಿಯಷ್ಟು ಮಾತ್ರ. ಓಹಾಯೊ ವಿಶ್ವವಿದ್ಯಾಲಯದ ಆನ್ ಲೌಕ್ಸ್ ಅವರು 2003ರಲ್ಲಿ ಪ್ರಕಟಿಸಿದ ಸಂಶೋಧನೆಯ ಪ್ರಕಾರ, ಈ ಅಂಕಿ 30ಕ್ಕಿಂತ ಕೆಳಗಿಳಿದಾಗ ಐದೇ ದಿನಗಳಲ್ಲಿ ಯುವತಿಯರ ಋತುಚಕ್ರವನ್ನು ನಡೆಸುವ ಹಾರ್ಮೋನಿನ ಲಯ ಏರುಪೇರಾಗುತ್ತದೆ. 45ರ ಸುತ್ತಮುತ್ತ ಇರಬೇಕೆಂಬುದು ಸಾಮಾನ್ಯ ಸಲಹೆ. ನಮ್ಮ ಓಟಗಾರ್ತಿ ಅಲ್ಲಿಗೆ ತಲುಪಬೇಕಾದರೆ 2,450 ಕಿಲೋಕ್ಯಾಲೊರಿ ತಿನ್ನಬೇಕು. 30 ಎಂಬುದು ಎಲ್ಲರಿಗೂ ಒಂದೇ ಗೆರೆಯಲ್ಲವೆಂದು ಆಮೇಲಿನ ಸಂಶೋಧಕರು ಎಚ್ಚರಿಸಿದ್ದಾರೆ, ಆದರೆ ಲೆಕ್ಕದ ಹಿಂದಿನ ತಿಳಿವಳಿಕೆ ಗಟ್ಟಿಯಾಗಿ ನಿಂತಿದೆ.

ಈ ಕೊರತೆ ಕಣ್ಣಿಗೆ ಬೀಳುವುದಿಲ್ಲ. ತೂಕ ಸ್ಥಿರವಾಗಿಯೇ ಇರಬಹುದು, ಹುಡುಗಿ ಚೆನ್ನಾಗಿಯೇ ಓಡುತ್ತಿರಬಹುದು. ಒಳಗೆ ಈಸ್ಟ್ರೋಜನ್ ಕಡಿಮೆಯಾಗಿ ಮೂಳೆ ಸೊರಗುತ್ತಿರುತ್ತದೆ. ಇದನ್ನು 1990ರ ದಶಕದಲ್ಲಿ ಊಟದ ಕೊರತೆ, ಮುಟ್ಟಿನ ಏರುಪೇರು, ಮೂಳೆಯ ಸೊರಗು ಈ ಮೂರೂ ಸೇರಿದ ಮಹಿಳಾ ಕ್ರೀಡಾಪಟುಗಳ ತ್ರಿವಳಿ ಸಮಸ್ಯೆ ಎಂದು ಗುರುತಿಸಿದರು. ಗಂಡಸರಿಗೂ, ದೇಹದ ಬೇರೆ ಅಂಗಗಳಿಗೂ ಇದು ತಟ್ಟುತ್ತದೆಂದು ಕಂಡ ಮೇಲೆ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ರೆಡ್ಸ್, ಅಂದರೆ ಕ್ರೀಡೆಯಲ್ಲಿನ ಸಾಪೇಕ್ಷ ಶಕ್ತಿ ಕೊರತೆ, ಎಂಬ ವಿಶಾಲವಾದ ಹೆಸರು ಕೊಟ್ಟು, 2023ರಲ್ಲಿ ಅದನ್ನು ಮತ್ತೆ ಪರಿಷ್ಕರಿಸಿತು. ಓಟದ ತರಬೇತಿಯನ್ನು ಅರಿಯದ ಡಯಟೀಷಿಯನ್‌ಗೆ ಈ 650ರ ಅಂದಾಜು ಸಿಗುವುದಿಲ್ಲ, ಊಟವನ್ನು ಅರಿಯದ ತರಬೇತುದಾರರಿಗೆ ಆ 1,800 ಎಲ್ಲಿಂದ ಬಂತೆಂದು ತಿಳಿಯುವುದಿಲ್ಲ. ನಿಮ್ಮ ಮಗಳು ಈ ಎರಡರ ನಡುವೆ ನಿಲ್ಲಬಲ್ಲವಳಾದರೆ ಅವಳ ಹಾಗೆ ಓಡುವ ಎಷ್ಟೋ ಮಕ್ಕಳಿಗೆ ಉಪಕಾರವಾಗುತ್ತದೆ. ನಾನು ಈ ಓದನ್ನು ಮನಸಾರೆ ಬೆಂಬಲಿಸುವುದು ಅದಕ್ಕಾಗಿ.

ಓದಿನ ಕಷ್ಟವನ್ನು ಮರೆಮಾಚಬಾರದು. ಜಿಮ್ ಮತ್ತು ಅಡುಗೆಮನೆಯ ಚಿತ್ರವನ್ನಿಟ್ಟುಕೊಂಡು ಬರುವ ವಿದ್ಯಾರ್ಥಿಗಳು ಮೊದಲೆರಡು ವರ್ಷ ಸಾವಯವ ರಸಾಯನ ವಿಜ್ಞಾನ, ಜೀವರಸಾಯನ ವಿಜ್ಞಾನ, ಅಂಗರಚನೆ, ಸೂಕ್ಷ್ಮಜೀವಿ ವಿಜ್ಞಾನ, ಸಂಖ್ಯಾಶಾಸ್ತ್ರಗಳಲ್ಲಿಯೇ ಕಳೆಯಬೇಕಾಗುತ್ತದೆ. ಹಿಂದೆ ಸರಿಯುವವರು ಬಹುಪಾಲು ಇಲ್ಲಿಯೇ ಸರಿಯುತ್ತಾರೆ. ಹನ್ನೆರಡನೆಯ ತರಗತಿಯ ರಸಾಯನ ವಿಜ್ಞಾನ ಅವಳಿಗೆ ಹೇಗೆ ಒಗ್ಗಿದೆಯೆಂದು ಅವಳನ್ನೇ ಕೇಳಿ.

ಕಟ್ಟುಬೀಳುವ ಭಯಕ್ಕೆ ಉತ್ತರ ಸಮಾಧಾನಕರವಾಗಿದೆ. ಹೆಚ್ಚಿನ ಸಂಯುಕ್ತ ಕೋರ್ಸುಗಳಲ್ಲಿ ಎಂ.ಎಸ್. ಭಾಗಕ್ಕೆ ಅರ್ಜಿ ಹಾಕುವುದು ಮೂರನೆಯ ವರ್ಷದಲ್ಲಿ. ಸಾಮಾನ್ಯವಾಗಿ 4ಕ್ಕೆ 3.0 ಅಥವಾ ಅದಕ್ಕಿಂತ ಹೆಚ್ಚಿನ ಸರಾಸರಿ ಅಂಕ ಕೇಳುತ್ತಾರೆ. ಆಗ ಮನಸ್ಸು ಬದಲಾದರೆ ನಾಲ್ಕು ವರ್ಷಕ್ಕೆ ಬಿ.ಎಸ್. ಪಡೆದು ಹೊರಡಬಹುದು. ಮೊದಲ ವರ್ಷಕ್ಕೇ ಐದು ವರ್ಷದ ಪ್ರವೇಶ ಕೊಡುವ ಕಡೆಗಳಲ್ಲಿ, ನಡುವೆ ಬಿಟ್ಟರೆ ಬಿ.ಎಸ್. ಪದವಿ ಸಿಗುತ್ತದೆಯೇ, ಅಥವಾ ಎರಡೂ ಪದವಿಗಳನ್ನು ಕೊನೆಗೆ ಒಟ್ಟಿಗೆ ಕೊಡುತ್ತಾರೆಯೇ ಎಂದು ಬರಹದಲ್ಲಿ ಕೇಳಿ ಪಡೆಯಿರಿ. ಐದನೆಯ ವರ್ಷ ವ್ಯರ್ಥವಾಗುವ ಸಂದರ್ಭಗಳೂ ಇವೆ. ವ್ಯಾಯಾಮ ವಿಜ್ಞಾನ ಓದುವ ಅನೇಕರು ನಡುವೆ ಫಿಸಿಕಲ್ ಥೆರಪಿಯತ್ತ ತಿರುಗುತ್ತಾರೆ. ಆ ಡಾಕ್ಟರೇಟ್ ಸುಮಾರು ಮೂರು ವರ್ಷದ್ದು, ಅದಕ್ಕೆ ಬಿ.ಎಸ್. ಸಾಕು. ಸಂಶೋಧನೆಗೆ ಹೋಗುವವರಿಗೆ ಅಮೆರಿಕದ ಅನೇಕ ಪಿಎಚ್‌.ಡಿ. ವಿಭಾಗಗಳು ಬಿ.ಎಸ್. ನಂತರವೇ ಪ್ರವೇಶ ಕೊಟ್ಟು ವೇತನವನ್ನೂ ಕೊಡುತ್ತವೆ. ಸ್ವಂತ ಹಣದಲ್ಲಿ ಎಂ.ಎಸ್. ಮಾಡುವುದು ಅವರಿಗೆ ಅಗತ್ಯವಿಲ್ಲ.

ಹಣದ ವಿಷಯದಲ್ಲಿ ನನ್ನ ಸಲಹೆ ಸಾರ್ವಜನಿಕ ವಿಶ್ವವಿದ್ಯಾಲಯದ ಕಡೆಗೆ. ಈಗ ಹೇಳಿದ ಸಂಬಳದ ಮಟ್ಟ ನೋಡಿದರೆ ದೊಡ್ಡ ಸಾಲ ಹೊತ್ತು ಇದನ್ನು ಓದುವುದು ಸರಿಯಲ್ಲ. ನ್ಯೂಯಾರ್ಕ್ ನಗರ ವಿಶ್ವವಿದ್ಯಾಲಯದ ನಾಲ್ಕು ವರ್ಷದ ಕಾಲೇಜುಗಳಲ್ಲಿ ರಾಜ್ಯದ ನಿವಾಸಿಗಳಿಗೆ ಇತ್ತೀಚಿನ ವರ್ಷಗಳಲ್ಲಿ ಬೋಧನಾ ಶುಲ್ಕ ವರ್ಷಕ್ಕೆ 6,930 ಡಾಲರ್ ಇದ್ದರೆ, ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಅದರ ಹಲವು ಪಟ್ಟು ಇದೆ. ನೋಂದಣಿ ಪರೀಕ್ಷೆ ಮಾತ್ರ ಎಲ್ಲರಿಗೂ ಒಂದೇ.

ನೀವು ಪತ್ರದಲ್ಲಿ ತಿಳಿಸದಿದ್ದರೂ ಕೇಳಲೇಬೇಕಾದ ಒಂದು ಸಂಗತಿಯಿದೆ. ನಿಮ್ಮ ಮಗಳು ಭಾರತದಲ್ಲಿ ಹುಟ್ಟಿ, ಹಸಿರು ಕಾರ್ಡ್ ಇನ್ನೂ ಬಾರದೆ, ಕೆಲಸದ ವೀಸಾ ಇರುವವರ ಮಕ್ಕಳಿಗೆ ಕೊಡುವ ಎಚ್-4 ವೀಸಾದಲ್ಲಿದ್ದರೆ, 21 ತುಂಬಿದಾಗ, ಅಂದರೆ ಈ ಕೋರ್ಸಿನ ನಡುವೆಯೇ, ಅವಳು ಎಫ್-1 ವಿದ್ಯಾರ್ಥಿ ವೀಸಾಕ್ಕೆ ಬದಲಾಗಬೇಕಾಗುತ್ತದೆ. ಆಗ ಓದಿನ ನಂತರದ ಕೆಲಸದ ಅವಕಾಶ ಕೋರ್ಸಿನ ಸರ್ಕಾರಿ ವರ್ಗೀಕರಣ ಸಂಖ್ಯೆಯನ್ನು ಅವಲಂಬಿಸುತ್ತದೆ. ಪದವಿಯ ನಂತರ ಎಲ್ಲರಿಗೂ 12 ತಿಂಗಳ ಕೆಲಸದ ಅನುಮತಿಯಿದೆ, ವಿಜ್ಞಾನ ತಂತ್ರಜ್ಞಾನಗಳ ಪಟ್ಟಿಯಲ್ಲಿರುವ ಕೋರ್ಸುಗಳಿಗೆ ಇನ್ನೂ 24 ತಿಂಗಳು ಸಿಗುತ್ತದೆ. ಪೋಷಣಾ ವಿಜ್ಞಾನ ಎಂಬ ವರ್ಗ, ಅಂದರೆ 30.1901, ಆ ಪಟ್ಟಿಯಲ್ಲಿದೆ, ಡಯಟೆಟಿಕ್ಸ್ ಎಂಬ 51.3101 ಅದರಲ್ಲಿಲ್ಲ. ಪಾಠ ಒಂದೇ ಬಗೆಯದಾದರೂ ಕಾಲೇಜು ಯಾವ ಸಂಖ್ಯೆಯಡಿ ಕೋರ್ಸನ್ನು ದಾಖಲಿಸಿದೆ ಎಂಬುದು ಮುಖ್ಯವಾಗುತ್ತದೆ. ಮಗಳು ಅಮೆರಿಕದಲ್ಲಿಯೇ ಹುಟ್ಟಿದವಳಾಗಿದ್ದರೆ ಈ ಚಿಂತೆ ನಿಮಗಿಲ್ಲ.

ಸಸ್ಯಾಹಾರ ಈ ಓದಿಗೆ ಅಡ್ಡಿಯಾಗುವುದಿಲ್ಲ. ಸಾಮೂಹಿಕ ಅಡುಗೆಯ ತರಬೇತಿಯಲ್ಲಿ ಮಾಂಸಾಹಾರವನ್ನು ಮುಟ್ಟುವ, ರುಚಿ ನೋಡುವ ಸಂದರ್ಭ ಬರಬಹುದು. ರುಚಿ ನೋಡುವುದರಿಂದ ವಿನಾಯಿತಿ ಬೇಕಿದ್ದರೆ ತರಬೇತಿ ಶುರುವಾಗುವ ಮುಂಚೆಯೇ ಸಂಯೋಜಕರಿಗೆ ತಿಳಿಸುವುದು ಒಳ್ಳೆಯದು. ಅದಕ್ಕಿಂತ ಮುಖ್ಯವಾಗಿ, ನಮ್ಮ ಅಡುಗೆಯನ್ನು ಬಲ್ಲ ಡಯಟೀಷಿಯನ್‌ಗಳು ಅಮೆರಿಕದಲ್ಲಿ ಬೇಕಾಗಿದ್ದಾರೆ. ದಕ್ಷಿಣ ಏಷ್ಯಾದವರಲ್ಲಿ ಕಡಿಮೆ ತೂಕದಲ್ಲಿಯೇ ಮಧುಮೇಹ ಕಾಣಿಸಿಕೊಳ್ಳುವುದರಿಂದ, ಏಷ್ಯಾ ಮೂಲದವರನ್ನು ದೇಹತೂಕ ಸೂಚ್ಯಂಕ 23ಕ್ಕೇ ತಪಾಸಣೆಗೆ ಒಳಪಡಿಸಬೇಕೆಂದು ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ 2015ರಿಂದ ಹೇಳುತ್ತಿದೆ. ಇತರರಿಗೆ ಆ ಮಿತಿ 25. ಹಾಗೆ ತಪಾಸಣೆಗೆ ಬಂದ ಕನ್ನಡದ ಹಿರಿಯರೊಬ್ಬರು ರಾತ್ರಿ ಮುದ್ದೆ, ಬಸ್ಸಾರು ಉಂಡೆನೆಂದಾಗ, ಮುದ್ದೆಯ ಗಾತ್ರ ಎಷ್ಟು, ಬಸ್ಸಾರಿಗೆ ಕಾಳು ಯಾವುದು ಹಾಕಿದ್ದು ಎಂದು ಮರುಪ್ರಶ್ನೆ ಕೇಳಬಲ್ಲವರು ಎಷ್ಟು ಮಂದಿ ಇದ್ದಾರೆ? ಭಾರತದ 2017ರ ಆಹಾರ ಸಂಯೋಜನಾ ಕೋಷ್ಟಕದ ಪ್ರಕಾರ 100 ಗ್ರಾಂ ರಾಗಿಯಲ್ಲಿ 364 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಮೂಳೆ ಮುರಿದ ಸಸ್ಯಾಹಾರಿ ಓಟಗಾರ್ತಿಗೆ ಸಲಹೆ ಕೊಡುವವರಿಗೆ ಇದು ಗೊತ್ತಿರಬೇಕು, ರಾಗಿಯ ಕ್ಯಾಲ್ಸಿಯಂ ಪೂರ್ತಿಯಾಗಿ ದೇಹಕ್ಕೆ ಹತ್ತುವುದಿಲ್ಲವೆಂಬುದೂ ಗೊತ್ತಿರಬೇಕು.

ಬೆಂಗಳೂರಿಗೆ ಮರಳುವ ಪ್ರಶ್ನೆ. ಭಾರತದಲ್ಲಿ 2021ರ ಸಹ ಆರೋಗ್ಯ ವೃತ್ತಿಪರರ ರಾಷ್ಟ್ರೀಯ ಆಯೋಗದ ಕಾಯಿದೆಯು ಪೋಷಣಾ ವಿಜ್ಞಾನದ ವೃತ್ತಿಪರರನ್ನೂ ತನ್ನ ವ್ಯಾಪ್ತಿಗೆ ತಂದಿದೆ. ಅಮೆರಿಕದ ನೋಂದಣಿ ಅಲ್ಲಿ ತಾನಾಗಿಯೇ ನಡೆಯುವುದಿಲ್ಲ, ಪದವಿಗೆ ತತ್ಸಮಾನ ಪ್ರಮಾಣಪತ್ರ ಪಡೆದು ಅಲ್ಲಿನ ನಿಯಮದಂತೆ ಅರ್ಜಿ ಹಾಕಬೇಕಾಗುತ್ತದೆ. ಆದರೆ ಕೆಲಸ ಮಾಡಲು ಜಾಗಗಳಿವೆ. ಜ್ಞಾನಭಾರತಿ ಆವರಣದ ಭಾರತೀಯ ಕ್ರೀಡಾ ಪ್ರಾಧಿಕಾರದ ಕೇಂದ್ರ, ಬಳ್ಳಾರಿ ಜಿಲ್ಲೆಯ ವಿಜಯನಗರದಲ್ಲಿ 2018ರಲ್ಲಿ ಆರಂಭವಾದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಮುಂತಾದ ಕಡೆ ಕ್ರೀಡಾ ವಿಜ್ಞಾನ ಬಲ್ಲವರಿಗೆ ಸ್ಥಾನವಿದೆ. ಸಂಶೋಧನೆಯಲ್ಲಿ ಆಸಕ್ತಿ ಹುಟ್ಟಿದರೆ, ಭಾರತೀಯರ ಪ್ರೋಟೀನ್ ಅಗತ್ಯವನ್ನು ಅಳೆದ ಕೆಲಸಕ್ಕೆ ಹೆಸರಾದ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆ ಬೆಂಗಳೂರಿನಲ್ಲಿಯೇ ಇದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಕ್ರೀಡಾ ಪೋಷಣೆಯಲ್ಲಿ ಎಂ.ಎಸ್ಸಿ. ನಡೆಸುತ್ತದೆ, ಬಿ.ಎಸ್. ಮುಗಿಸಿ ಭಾರತಕ್ಕೆ ಬರುವ ಮನಸ್ಸಾದರೆ ಅದನ್ನೂ ಪರಿಶೀಲಿಸಬಹುದು.

ಪ್ರವೇಶ ಖಚಿತಪಡಿಸಲು ಬಹುತೇಕ ಕಾಲೇಜುಗಳ ಗಡುವು ಮೇ 1. ಅದಕ್ಕೆ ಮುಂಚೆ ಪ್ರತಿ ಕಾಲೇಜಿನ ಕೋರ್ಸ್ ನಿರ್ದೇಶಕರಿಗೆ ನಿಮ್ಮ ಮಗಳೇ ಪತ್ರ ಬರೆಯಲಿ. ಈ ಸಂಯುಕ್ತ ಕೋರ್ಸಿಗೆ ಎಸೆಂಡ್ ಮಾನ್ಯತೆ ಇದೆಯೇ, ಇದ್ದರೆ ಪಾಠಕ್ಕೆ ಮಾತ್ರವೇ ಅಥವಾ ಸಾವಿರ ಗಂಟೆಗಳ ತರಬೇತಿಯೂ ಸೇರಿದೆಯೇ ಎಂದು ಕೇಳಲಿ. ನೋಂದಣಿ ಪರೀಕ್ಷೆಯಲ್ಲಿ ಮೊದಲ ಯತ್ನದ ನಂತರ ಒಂದು ವರ್ಷದೊಳಗೆ ಕನಿಷ್ಠ 80 ಶೇಕಡ ಮಂದಿ ತೇರ್ಗಡೆಯಾಗಬೇಕೆಂಬುದು ಮಾನ್ಯತೆಯ ಮಾನದಂಡ, ಅವರ ಅಂಕಿ ಎಷ್ಟಿದೆಯೆಂದೂ ಕೇಳಲಿ. ಇದರ ಜೊತೆಗೆ ಬೇಸಿಗೆಯಲ್ಲಿ ಅವಳು ಮತ್ತೆ ಓಟ ಹೆಚ್ಚಿಸುವ ಮುನ್ನ ಕ್ರೀಡಾ ವೈದ್ಯರೊಬ್ಬರನ್ನು ಕಂಡು, ದೇಹದ ಕಬ್ಬಿಣದ ಸಂಗ್ರಹವನ್ನು ತೋರಿಸುವ ರಕ್ತದ ಫೆರಿಟಿನ್, ವಿಟಮಿನ್ ಡಿ, ಬಿ12 ಪರೀಕ್ಷೆಗಳು ಬೇಕೇ ಎಂದು ವಿಚಾರಿಸಿ. ಮುಟ್ಟು ತಿಂಗಳುಗಟ್ಟಲೆ ತಪ್ಪಿದ್ದರೆ ಅದನ್ನು ಸಂಕೋಚವಿಲ್ಲದೆ ವೈದ್ಯರಿಗೆ ಹೇಳುವಂತೆ ತಾಯಿಯಾಗಿ ನೀವು ಧೈರ್ಯ ಕೊಡಿ. ಕಾಲೇಜುಗಳಿಂದ ಉತ್ತರ ಬಂದ ಮೇಲೆ ಯಾವುದನ್ನು ಆರಿಸುವುದೆಂದು ತೋಚದಿದ್ದರೆ, ಪಠ್ಯಕ್ರಮಗಳ ಪಟ್ಟಿಯೊಂದಿಗೆ ಇನ್ನೊಮ್ಮೆ ಬರೆಯಿರಿ.